ಮನಿ ಮಾತಿನಾಗ ಹೇಳಲೇ

ಕೊಟ್ಟೂರಾಗ ನನ್ನ ಹೆಸರು ಹೇಳಿದ್ರ ಯಾರಿಗೂ ಗೊತ್ತಾಗಂಗಿಲ್ಲ. ನನ್ನ ಕಿಡ್ನಿ ಸುದ್ದಿ ಎತ್ತಿದ್ರ ಎಲ್ರಿಗೂ ಗೊತ್ತಾಗ್ತೈತಿ. "ಓ, ಗುಟ್ಕಾ ತಿಂದು ಕಿಡ್ನಿ ಕೆಡಿಸ್ಕೊಂಡು, ಒಡಹುಟ್ಟಿದ ಅಕ್ಕಗ ಕೊಡಾಕ ಬರದಂಗ ಮಾಡ್ಕೊಂಡ್ನಲ್ಲ, ಆ ಹುಡುಗನಾ" ಅಂತಾರ. ಬಸ್ ಸ್ಟ್ಯಾಂಡ್ ಹತ್ರ ಮಿರ್ಚಿ ಕರಿಯೋ ಯಮ್ಮ ಸುದ್ದಾ ಮಂಡಕ್ಕಿ ಕಲಸೋವಾಗ ಕೈ ತಡದು, "ಉಪ್ಪು ಕಡಿಮಿ ಹಾಕ್ಲೇನಪ್ಪ? ಉಳದದ್ದನ್ನರ ಕಾಪಾಡ್ಕೋ" ಅಂತಾಳ. ನಾ "ಹ್ಞೂಂ ಯಮ್ಮಾ" ಅಂತೀನಿ. ಸಪ್ಪನ್ನ ಮಂಡಕ್ಕಿ ತಿಂತೀನಿ.

ಖರೇ ಹೇಳ್ಬೇಕಂದ್ರ ನಾ ಗುಟ್ಕಾ ಬಾಯಾಗ ಹಾಕ್ಕೊಂಡಿದ್ದು ಜೀವನದಾಗ ಒಂದ ಸಲ. ಪಿಯುಸಿ ಓದೋವಾಗ, ಹರಪನಹಳ್ಳಿ ಬಸ್ಸಿನಾಗ, ಗೆಳೆಯರ ಮುಂದ ದೊಡ್ಡ ಗಂಡಸು ಆಗಾಕ ಹೋಗಿ. ಹರಪನಹಳ್ಳಿ ಮುಟ್ಟೋದ್ರಾಗ ಕಿಟಕಿಯಿಂದ ತಲಿ ಹೊರಗ ಹಾಕಿ ವಾಂತಿ ಮಾಡಿದೆ. ಗಾಳಿ ಹಿಂದಕ್ಕ ಬೀಸ್ತಿತ್ತು. ಹಿಂದಿನ ಕಿಟಕ್ಯಾಗ ಕುಂತಿದ್ದ ಯಜಮಾನ್ರ ಬಿಳಿ ಅಂಗಿ ಮ್ಯಾಲ ಇಡೀ ಕರ್ನಾಟಕದ ನಕ್ಷಿ ಮೂಡ್ತು, ಜಿಲ್ಲಾ ಗಡಿ ಸಮೇತ. ಅವ್ರು ಕೊಟ್ಟ ಏಟಿಗೆ ನನ್ನ ಗುಟ್ಕಾ ಚಟ ಅಲ್ಲೇ ಶುರುವಾಗಿ ಅಲ್ಲೇ ಮುಗೀತು.

ಆದ್ರೂ ಊರು ಹೇಳೋ ಕಥಿ ಸುಳ್ಳು ಅಂತ ನಾ ಯಾರಿಗೂ ಹೇಳಿಲ್ಲ. ಯಾಕಂದ್ರ ಆ ಸುಳ್ಳು ಹುಟ್ಟಿಸಿದವ ನಾನ.

ನಮ್ಮ ಮನ್ಯಾಗ ಸೈನ್ಸ್ ಓದಿದವ ನಾನೊಬ್ನ. ಓದಿದವ ಅನ್ನೋದು ದೊಡ್ಡ ಮಾತಾತು, ಸೈನ್ಸ್ ಪುಸ್ತಕ ಹೊತ್ತವ ಅಂದ್ರ ಸರಿ ಹೋಗ್ತೈತಿ. ಹತ್ತನೇ ಕ್ಲಾಸಿನತನಕ ಕನ್ನಡದಾಗ ಓದಿ, ಒಮ್ಮಿಲೇ ಇಂಗ್ಲಿಷಿಗೆ ಬಿದ್ದೆ. ಬಯಾಲಜಿ ಅಂದ್ರ ಬರೇ ವ್ಯಾಖ್ಯಾನ. ಅದಂದ್ರೇನು, ಇದಂದ್ರೇನು, ಒಂದೊಂದಕ್ಕ ಎರಡೆರಡು ಮಾರ್ಕ್ಸು. ನಾ ಗೋಡಿಗೆ ಒರಗಿ ಕುಂತು, ಕಣ್ಣು ಮುಚ್ಚಿ, ಗಟ್ಟಿಯಾಗಿ ಬಾಯಿಪಾಠ ಹೊಡಿತಿದ್ದೆ. ಓಣ್ಯಾಗ ಹೋಗೋರು ಈ ಮನ್ಯಾಗ ಯಾರಿಗೋ ದೆವ್ವ ಬಡದೈತಿ ಅಂತ ನಿಂತು ನೋಡಿ ಹೋಗ್ತಿದ್ರು.

ಅಕ್ಕ ಒಲಿ ಮುಂದ ಕುಂತು ರೊಟ್ಟಿ ಬಡಿತಿದ್ಲು. ಆಕೀದು ಎಸ್ಸೆಸ್ಸೆಲ್ಸಿಗೆ ಓದು ಬಿಡಿಸಿದ್ರು, ನನಗಿಂತ ಶಾಣ್ಯಾಕಿ. ನನ್ನ ಪುಸ್ತಕನ ಮೊಣಕಾಲ ಹತ್ರ ತೆರದಿಟ್ಕೊಂಡು, ಅದಕ್ಕ ಹಿಟ್ಟಿನ ಕೈ ಹಚ್ಚಿ, ಒಂದೊಂದ ಶಬ್ದ ಕೇಳ್ತಿದ್ಲು.

"ಆಸ್ಮೋಸಿಸ್ ಅಂದ್ರ?"

ನಾ ಇಂಗ್ಲಿಷಿನಾಗ ಗೂಡ್ಸ್ ಗಾಡಿ ಬಿಟ್ಟಂಗ ಬಿಡ್ತಿದ್ದೆ. ಆಕಿ ಕೈ ಅಡ್ಡ ಹಿಡಿತಿದ್ಲು. "ಅದು ನಿಮ್ಮ ಮಾಸ್ತರಿಗೆ. ನನಗ ಮನಿ ಮಾತಿನಾಗ ಹೇಳಲೇ."

"ನೀರಾಗ ನೆನಿ ಹಾಕಿದ ಕಡ್ಲಿ ಮುಂಜಾನಿಗೆ ಉಬ್ಬಿರ್ತೈತಲ್ಲ, ಅದು."

"ಪ್ಯಾರಾಸೈಟ್?"

"ಮತ್ತೊಬ್ರ ಮೈ ಹಿಡಕೊಂಡು, ಅವ್ರದ್ದ ಉಂಡು ಬದುಕೋದು."

"ತಿಳೀತು. ನೀನು. ಮುಂದ ಕಿಡ್ನಿ?"

"ಹಿಂದ ಕುಂತು, ಸದ್ದಿಲ್ದಂಗ, ಇಡೀ ಮನಿ ಹೊಲಸು ತೊಳೆಯೋದು."

"ಅದು ಅವ್ವ ಆತಲ್ಲಲೇ."

"ಎರಡು ಇರ್ತಾವ ಅಕ್ಕ. ಒಂದು ಅವ್ವ, ಇನ್ನೊಂದು ನೀನು."

ಒಂದು ದಿನ ಆಂಟಿಬಾಡಿ ಬಂತು. ಪುಸ್ತಕದಾಗ ಪ್ರೋಟೀನು ಅದು ಇದು ಅಂತ ಮೂರು ಸಾಲು ಇತ್ತು. ನಾ ಹೇಳಿದೆ: "ನಮ್ಮ ಓಣಿ ನಾಯಿ ಅಕ್ಕ. ಹೊಸಬ ಒಮ್ಮಿ ಬಂದ್ರ ಮೂಸಿ ನೋಡಿ ಬಿಡ್ತೈತಿ. ಆದ್ರ ವಾಸ್ನಿ ನೆನಪಿಟ್ಟಿರ್ತೈತಿ. ಅವ ಮತ್ತೊಮ್ಮಿ ಬಂದ್ನೋ, ಓಣ್ಯಾಗಿನ ನಾಯಿನೆಲ್ಲಾ ಕೂಡಿಸ್ಕೊಂಡು ಬೆನ್ನು ಹತ್ತತೈತಿ."

ಅಕ್ಕ ನಕ್ಕಿದ್ದಕ್ಕ ಹಂಚಿನ ಮ್ಯಾಲಿನ ರೊಟ್ಟಿ ಕರ್ರಗಾತು. "ಪೇಪರಿನಾಗ ಇದನ್ನ ಬರಿ, ಪೂರ್ತಿ ಮಾರ್ಕ್ಸ್ ಬರ್ತಾವ" ಅಂದ್ಲು. ನಾ ಎಂಥಾ ಮಬ್ಬ ಅಂದ್ರ, ಪರೀಕ್ಷಾದಾಗ ಹಂಗ ಬರದೆ. ಇಂಗ್ಲಿಷಿನಾಗ. ನಾಯಿ ಚಿತ್ರ ಸಮೇತ. ಪೇಪರ್ ತಿದ್ದಿದವ್ರಿಗೆ ಹಿಂದ ಯಾವಾಗ್ಲೋ ನಾಯಿ ಕಡದಿತ್ತು ಕಾಣ್ತೈತಿ, ಸೊನ್ನಿ ಬಿತ್ತು. ಪ್ರಾಕ್ಟಿಕಲ್‌ನಾಗ ಸಾಹೇಬ್ರು "ಕಿಡ್ನಿ ಎಲ್ಲಿರ್ತಾವ ತೋರ್ಸು" ಅಂದ್ರು. ನಾ ಗಾಬರ್ಯಾಗಿ ಅವ್ರ ಸೊಂಟಕ್ಕ ಕೈ ಹಾಕಿದೆ. ಅವ್ರಿಗೆ ಕಚಗುಳಿ ಭಾಳ. ಆ ವರ್ಷ ನಾ ಫೇಲು.

ಅಷ್ಟರಾಗ ಅಕ್ಕನ ಮದುವಿ ಆತು. ಹಡಗಲಿಗೆ ಕೊಟ್ರು. ಮೊದಲ್ನೇ ಹೆರಿಗಿಗೆ ತವರಮನಿಗೆ ಬಂದ್ಲು. ಹೆಣ್ಣು ಕೂಸು ಹುಟ್ತು, ಆದ್ರ ರಕ್ತ ನಿಲ್ಲವಲ್ದು. ಗಾಡಿ ಮಾಡಿ ದಾವಣಗೆರಿಗೆ ಒಯ್ದ್ವಿ. ರಕ್ತ ಹಾಕ್ಬೇಕು ಅಂದ್ರು. ಅಲ್ಲಿ ಬಾಟ್ಲಿ ರೆಡಿ ಇದ್ವು. ಆದ್ರ ನಮ್ಮಪ್ಪ ಬಾಗ್ಲಾಗ ಅಡ್ಡ ನಿಂತ.

"ಮಂದಿ ರಕ್ತ ಬ್ಯಾಡ್ರಿ ಸಾಹೇಬ್ರ. ಯಾರದೋ ಏನೋ, ಎಂಥಾವ್ರದ್ದೋ. ಮನಿ ರಕ್ತ ಹಾಕ್ರಿ. ಆಕಿ ತಮ್ಮ ಇಲ್ಲೇ ಅದಾನ, ಗುಂಪು ಒಂದ ಐತಿ, ನಿಮ್ಮ ಕಾಲು ಬೀಳ್ತೀನಿ."

ನಮ್ಮ ಕಡಿ ಇದು ಅಪ್ಪ ಒಬ್ನ ಮಾತಲ್ಲ. ಯಾರ ಮನ್ಯಾಗ ಕೇಳಿದ್ರೂ ಹಿಂಗ ಅಂತಾರ. ಮನಿ ಎಣ್ಣಿ, ಮನಿ ತುಪ್ಪ, ಮನಿ ರಕ್ತ. ಹೊರಗಿಂದು ಏನೂ ನಂಬಂಗಿಲ್ಲ. ಅಪ್ಪ ಬಿಡ್ಲಿಲ್ಲ, ಕಡೀಕ ಅವ್ರು ಒಪ್ಪಿದ್ರು. ನಾ ಎದಿ ಉಬ್ಬಿಸ್ಕೊಂಡು ಹೋಗಿ ಮಲಗಿದೆ, ರಕ್ತ ಕೊಟ್ಟೆ, ಎದ್ದು ನಿಂತೆ, "ಏನೂ ಆಗಿಲ್ಲ" ಅಂದೆ, ಅಷ್ಟ ಅಂದು ಅಪ್ಪನ ಊಟದ ಡಬ್ಬಿ ಮ್ಯಾಲ ಬಿದ್ದೆ. ಎಚ್ಚರ ಆದಾಗ ಕಿವ್ಯಾಗ ಪುಂಡಿಪಲ್ಲೆ ಇತ್ತು.

ಅಕ್ಕ ಉಳದ್ಲು. ಅವತ್ತಿಂದ ಅಪ್ಪಗ ಅದ ಒಂದು ಹೆಮ್ಮಿ. ಬಂದವ್ರ ಮುಂದ, ಹೋದವ್ರ ಮುಂದ, "ನನ್ನ ಮಗಳ ಮೈಯಾಗ ಹರಿಯೋದು ತಮ್ಮನ ರಕ್ತ. ನಾನ ಹಟ ಹಿಡದು ಹಾಕ್ಸಿದ್ದು" ಅಂತಿದ್ದ. ನಾ ಅಷ್ಟೊತ್ತಿಗೆ ಹೆಂಗೋ ಪಾಸಾಗಿ ಲ್ಯಾಬ್ ಕೋರ್ಸ್ ಮುಗಿಸಿ, ಕೊಟ್ಟೂರಾಗ ಒಂದು ಸಣ್ಣ ಲ್ಯಾಬಿನಾಗ ರಕ್ತ ಮೂತ್ರ ಪರೀಕ್ಷಾ ಮಾಡೋ ಕೆಲಸಕ್ಕ ಹೋಗ್ತಿದ್ದೆ. ನನಗ ಕೆಣಕೋ ತಿಂಡಿ ಜಾಸ್ತಿ. "ಯಪ್ಪಾ, ಹಾಕಿದ ರಕ್ತ ಮೂರ್ನಾಕು ತಿಂಗ್ಳಿನಾಗ ಸತ್ತು ಹೋಗ್ತೈತಿ. ಈಗ ಆಕಿ ಮೈಯಾಗ ಇರೋದು ಆಕೀದ" ಅಂತಿದ್ದೆ. "ಮುಚ್ಚಲೇ ಬಾಯಿ. ಒಳಗ ಹೋದ ರಕ್ತ ಎಲ್ಲಿಗೆ ಹೋಗ್ತೈತಿ?" ಅಂತಿದ್ದ ಅಪ್ಪ. ಇದು ವರ್ಷಾ ನಡಿಯೋ ಜಗಳ.

ವರ್ಷಾ ಅಂದ್ರ ನಾಗರಪಂಚಮಿಗೆ. ಪಂಚಮಿಗೆ ಅಕ್ಕನ್ನ ಕರಕೊಂಡು ಬರಾಕ ಹಡಗಲಿಗೆ ಹೋಗೋದು ನನ್ನ ಕೆಲಸ. ಒಂದು ಪಂಚಮಿಗೆ ಬಂದಾಕಿ ಬಾಗ್ಲಾಗ ಚಪ್ಪಲಿ ಬಿಟ್ಲು. ಪಾದದ ಮ್ಯಾಲ ಚಪ್ಪಲಿ ಪಟ್ಟಿ ಗುರ್ತು ಆಳಕ್ಕ ಒತ್ತಿತ್ತು. ಕಾಲು ಬಾತಿದ್ವು. ಮುಖಾನೂ.

"ದಪ್ಪ ಆಗಿ ಬೇ, ಅತ್ತಿ ಮನ್ಯಾಗ ಕೆಲಸ ಇಲ್ಲ ಕಾಣ್ತೈತಿ" ಅಂದೆ. ಚಾಷ್ಟಿ ಮಾಡ್ಕೊಂತ ಲ್ಯಾಬಿಗೆ ಕರಕೊಂಡು ಹೋಗಿ ರಕ್ತ ತಗದೆ. ಕಿಡ್ನಿ ಹೆಂಗೈತಿ ಅಂತ ತೋರ್ಸೋ ಕ್ರಿಯಾಟಿನಿನ್ ಏರಿದ್ದು ನೋಡಿ, ಮಿಷಿನ್ ಕೆಟ್ಟೈತಿ ಅಂತ ಮತ್ತೊಮ್ಮಿ ಹಾಕಿದೆ. ನನ್ನ ಕೈ ಸರಿ ಇಲ್ಲಂತ ಇನ್ನೊಮ್ಮಿ ಹಾಕಿದೆ. ಅಲ್ಲೀತನಕ ನನ್ನ ಕೆಲಸದಾಗ ತಪ್ಪು ಇರ್ಲಿ ಅಂತ ಯಾವತ್ತೂ ಬೇಡ್ಕೊಂಡಿರ್ಲಿಲ್ಲ, ತಪ್ಪು ತಾವ ಬರ್ತಿದ್ವು. ಬೇಕಾದಾಗ ಬರ್ಲಿಲ್ಲ.

"ಏನಂತೈತಿ ನಿನ್ನ ಮಿಷಿನ್?" ಅಂದ್ಲು ಅಕ್ಕ. "ಮನಿ ಮಾತಿನಾಗ ಹೇಳಲೇ."

"ಚರಂಡಿ ಕಟ್ಟೈತಿ ಅಕ್ಕ. ಹೊಲಸು ನೀರು ಓಣ್ಯಾಗ ನಿಂತೈತಿ."

"ಹಂಗಾರ ಸಾಪ್ ಮಾಡ್ಸೋಣ" ಅಂದ್ಲು, ಏನೂ ಆಗಿಲ್ಲ ಅನ್ನೋರಂಗ.

ಹಡಗಲಿ ದವಾಖಾನ್ಯಾಗ ವಾರಕ್ಕ ಮೂರು ಸಲ ಡಯಾಲಿಸಿಸ್ ಶುರುವಾತು. ನಾ ಅದಕ್ಕ ಬಾಡಿಗಿ ಕಿಡ್ನಿ ಅಂತ ಹೆಸರಿಟ್ಟೆ. ಸೂಜಿ ಚುಚ್ಚಾಕ ಅಂತ ಎಡಗೈಯಾಗ ಎರಡು ನರ ಕೂಡ್ಸಿ ಆಪರೇಷನ್ ಮಾಡಿದ್ರು, ಫಿಸ್ಟುಲಾ ಅಂತಾರ. ಅಲ್ಲಿ ಕಿವಿ ಇಟ್ರ ಒಳಗ ಗುಂಯ್ ಅಂತ ಒಂದ ಸಮ ಸದ್ದು. ಅಕ್ಕ ನನ್ನ ತಲಿ ಹಿಡದು ಕೈಗೆ ಒತ್ತಿಸ್ಕೊಂಡು, "ಕೇಳಲೇ, ನನ್ನ ಕೈಯಾಗ ಹಿಟ್ಟಿನ ಗಿರಣಿ ಹಾಕ್ಯಾರ" ಅಂದ್ಲು. ಅದು ಆಕೀದ ವ್ಯಾಖ್ಯಾನ. ನಂದಕ್ಕಿಂತ ಚಲೋ ಐತಿ.

ನೀರು ಅಳದು ಕುಡೀಬೇಕು, ಬಾಳಿಹಣ್ಣು ಬ್ಯಾಡ, ಎಳನೀರಂತೂ ವಿಷ ಇದ್ದಂಗ. ಮಾತಾಡ್ಸಾಕ ಬಂದ ಬೀಗರೆಲ್ಲಾ ತರೋದು ಎಳನೀರ. ಎಲ್ಲಾ ನಾ ಕುಡದೆ. ಅಕ್ಕ ಸೊರಗಿದಂಗ ನಾ ಉಬ್ಬಿದೆ. ಬಂದವ್ರು ವಾರ್ಡಿನಾಗ ಯಾರು ಪೇಷಂಟು ಯಾರು ಜೊತೀಗೆ ಇದ್ದವ್ರು ಅಂತ ತಿಳೀದ ನನ್ನ ಹಣಿ ಮುಟ್ಟಿ ನೋಡ್ತಿದ್ರು.

ಕಡೀಗೆ ಕಿಡ್ನಿ ಹಾಕ್ಸೋದ ದಾರಿ ಅಂದ್ರು. ಅವ್ವಗ ಶುಗರ್ ಐತಿ, ಅಪ್ಪಗ ಬಿಪಿ, ಭಾವನ ರಕ್ತದ ಗುಂಪು ಬ್ಯಾರೆ. ಉಳದವ ನಾನು. ಅವಾಗ ನೋಡ್ರಿ ನನ್ನ ದರ್ಬಾರು. ಕಾರಹುಣ್ಣಿಮಿ ಎತ್ತಿಗೂ ಅಷ್ಟು ಮರ್ಯಾದಿ ಇರಂಗಿಲ್ಲ. ಅವ್ವ ತುಪ್ಪ ಸುರದು ಸುರದು ಹೋಳಿಗಿ ಹಾಕ್ತಿದ್ಲು. ಅಪ್ಪ ಜನ್ಮದಾಗ ಮೊದಲ್ನೇ ಸಲ "ಬಿಸಿಲಾಗ ಹೋಗಬ್ಯಾಡಪ್ಪ" ಅಂದ. ಸ್ಕ್ಯಾನಿಂಗ್ ಫೋಟೋ ಮೊಬೈಲಿನಾಗ ಇಟ್ಕೊಂಡು, ಕನ್ಯಾ ತೋರ್ಸಿದಂಗ ಎಲ್ರಿಗೂ ತೋರ್ಸಿದೆ. "ಎಡದ್ದು ಬೇಕೋ ಬಲದ್ದು ಬೇಕೋ ಈಗ ಹೇಳಿಬಿಡು, ಆಮ್ಯಾಲ ಬದ್ಲಿ ಮಾಡಂಗಿಲ್ಲ" ಅಂದೆ ಅಕ್ಕಗ.

"ಯಾವುದು ಕೆಲಸ ಮಾಡ್ತೈತೋ ಅದು ಕೊಡು. ನಿನ್ನಂಗ ಮಲಗಿರೋದು ಬ್ಯಾಡ."

ಹುಬ್ಬಳ್ಳಿಗೆ ಹೋದ್ವಿ. ಎಲ್ಲಾ ಪರೀಕ್ಷಾ ಪಾಸು. ನಾ ಹುಟ್ಟಿದಾಗಿಂದ ಅಷ್ಟು ಪರೀಕ್ಷಾ ಒಮ್ಮಿಲೇ ಪಾಸಾಗಿದ್ದು ಅದ ಮೊದಲು. ಕಡೀದು ಕ್ರಾಸ್ ಮ್ಯಾಚ್. ನನ್ನ ರಕ್ತದಾಗಿನ ಜೀವಕೋಶ ತಗದು ಅಕ್ಕನ ರಕ್ತದ ತಿಳಿಯಾಗ ಬಿಡ್ತಾರ. ಸುಮ್ನ ಇದ್ರ ಕಿಡ್ನಿ ಕೂಡ್ತೈತಿ. ಸತ್ರ ಇಲ್ಲ.

ಸತ್ತಿದ್ವು.

ಡಾಕ್ಟ್ರ ಮುಂದ ನಾನು ಅಕ್ಕ ಇಬ್ರ ಕುಂತಿದ್ವಿ. ಅಪ್ಪ ಚಾ ತರಾಕ ಕೆಳಗ ಹೋಗಿದ್ದ. ಡಾಕ್ಟ್ರು ಕೇಳಿದ್ರು, "ನಿಮಗ ಹಿಂದ ಯಾವಾಗರ ರಕ್ತ ಹಾಕಿದ್ರೇನ್ರಿ ಅಮ್ಮಾ?"

"ಹೌದ್ರಿ, ಹೆರಿಗ್ಯಾಗ."

"ಯಾರದ್ದು?"

ಅಕ್ಕ ನನ್ನ ಭುಜ ತಟ್ಟಿದ್ಲು. ಜಾತ್ರ್ಯಾಗ ಗೆದ್ದ ಟಗರು ತೋರ್ಸಿದಂಗ. "ಇವಂದ ರೀ. ಮನಿ ರಕ್ತ."

ಡಾಕ್ಟ್ರು ಪೆನ್ನು ಕೆಳಗಿಟ್ರು. ಆಮ್ಯಾಲ ನನ್ನ ಕಡಿ ನೋಡಿ, ಲ್ಯಾಬಿನವ ಅಂತ ಗೊತ್ತಿತ್ತಲ್ಲ, ಇಂಗ್ಲಿಷಿನಾಗ ಹೇಳಿದ್ರು. ಅವತ್ತು ಒಳಗ ಹೋದ ನನ್ನ ರಕ್ತದ ಗುರ್ತು ಹಿಡದು ಅಕ್ಕನ ಮೈ ಆಂಟಿಬಾಡಿ ಮಾಡಿಟ್ಕೊಂಡಿರಬಹುದು. ಈಗ ನನ್ನ ಕಿಡ್ನಿ ಇಟ್ರ ಅವು ಬಿಡಂಗಿಲ್ಲ. ಬಸಿರಿನಾಗಿನ ಕೂಸಿನಿಂದಾನೂ ಹಂಗ ಆಗ್ತೈತಿ, ಯಾವುದರಿಂದ ಅಂತ ಗಟ್ಟಿ ಹೇಳಾಕಾಗಂಗಿಲ್ಲ ಅಂದ್ರು. ಆಂಟಿಬಾಡಿ ಇಳಸಾಕ ಔಷಧ ಅದಾವ, ಆದ್ರ ಈಕಿಗೆ ಇಷ್ಟು ಏರಿದ್ದಕ್ಕ ಆ ಧೈರ್ಯ ಮಾಡಾಕ ಬರಂಗಿಲ್ಲ, ಸತ್ತವ್ರ ಕಿಡ್ನಿಗೆ ಹೆಸರು ಬರಸ್ರಿ, ಕಾಯ್ರಿ ಅಂದ್ರು. ಒಳ್ಳೆ ಮನಷ್ಯಾ. ತಾನ ತಪ್ಪು ಮಾಡಿದವ್ರಂಗ ಮೆತ್ತಗ ಮಾತಾಡಿದ.

ಹೊರಗ ಬಂದು ಬೆಂಚಿನ ಮ್ಯಾಲ ಕುಂತ್ವಿ. ಅಕ್ಕ ಕೇಳಿದ್ಲು, "ಮನಿ ಮಾತಿನಾಗ ಹೇಳಲೇ."

ನಾ ಕೈಯಾಗಿನ ರಿಪೋರ್ಟ್ ಮಡಚಿ ಮಡಚಿ ಬಸ್ ಟಿಕೆಟಿನಷ್ಟು ಮಾಡಿದೆ. 

ಆಕಿನ ಹೇಳಿದ್ಲು. "ಓಣಿ ನಾಯಿ. ಹೌದಲ್ಲೋ?"

ಗೋಣು ಹಾಕಿದೆ.

ಅಕ್ಕ ತನ್ನ ಎಡಗೈ ತಿರುವಿ ನೋಡ್ಕೊಂಡ್ಲು. ಆಮ್ಯಾಲ ನಕ್ಳು. ರೊಟ್ಟಿ ಕರ್ರಗಾದಾಗ ನಕ್ಕಂಗ ಅಲ್ಲ, ಆದ್ರ ನಕ್ಳು. "ನೀ ಒಮ್ಮಿ ಬಂದು ಹೋಗಿದ್ದಿ ಅಂತ ಇಷ್ಟು ವರ್ಷ ನೆನಪಿಟ್ಟೈತಿ ನೋಡಲೇ ನನ್ನ ಮೈ. ನೀ ನೋಡಿದ್ರ ಒಂದು ವರ್ಷನರ ನನ್ನ ಹುಟ್ಟಿದ ದಿನ ನೆನಪಿಟ್ಟಿಯೇನು?"

ನಾ ಅಳಾಕ ಹತ್ತಿದೆ. ಆಕಿ ಸೆರಗಿಲೆ ನನ್ನ ಮೂಗು ಒರಸಿ, ಮೆಟ್ಲು ಕಡಿ ನೋಡಿದ್ಲು. ಅಪ್ಪ ಇನ್ನಾ ಬಂದಿರ್ಲಿಲ್ಲ.

"ಕೇಳಿಲ್ಲಿ. ಅಪ್ಪಗ ಇದು ಗೊತ್ತಾಗಬಾರ್ದು. ಅಂವ ಡಾಕ್ಟ್ರ ಕಾಲು ಹಿಡದು ಹಾಕ್ಸಿದ ರಕ್ತ ಅದು. ಗೊತ್ತಾದ್ರ ಉಳಿಯಂಗಿಲ್ಲ ಅಂವ. ಕೂಸಿನಿಂದ ಅಂತಾನೂ ಹೇಳಬ್ಯಾಡ. ನಾಳೆ ದೊಡ್ಡಾಕಿ ಆಗಿ, ನಾ ಹುಟ್ಟಿದ್ದಕ್ಕ ಅವ್ವಗ ಹಿಂಗಾತು ಅಂದ್ಕೊಂತೈತಿ. ಹಂಗಾರ ತಪ್ಪು ಹೊರಾಕ ಉಳದವ್ರು ಯಾರು?"

"ನಾನು" ಅಂದೆ.

"ನೀ ಹೆಂಗೂ ಹೊಲಸು ಹೆಸರು ತಗೊಂಡಾವ. ನಿನಗ ಇನ್ನೊಂದು ಭಾರ ಆಗಂಗಿಲ್ಲ" ಅಂದು ನನ್ನ ತಲಿ ಮ್ಯಾಲ ಕೈ ಇಟ್ಲು.

ಅಪ್ಪ ಪ್ಲಾಸ್ಟಿಕ್ ಕಪ್ಪಿನಾಗ ಚಾ ಹಿಡ್ಕೊಂಡು ಬಂದ. ಅಕ್ಕಂದು ಅರ್ಧ ಕಪ್ಪು, ಅಳತಿ ಮಾಡಿಸ್ಕೊಂಡು ತಂದಿದ್ದ. "ಏನಂದ್ರು?"

ನಾ ಹೇಳಿದೆ. "ನಂದು ಸರಿ ಇಲ್ಲಂತ ಯಪ್ಪಾ. ಗುಟ್ಕಾ ತಿಂದು ಕೆಟ್ಟಾವಂತ."

ಅಪ್ಪ ಚಾ ಕೆಳಗಿಟ್ಟ. ನನ್ನ ಕಪಾಳಕ್ಕ ಹೊಡದ. ಇಡೀ ದವಾಖಾನಿ ತಿರುಗಿ ನೋಡ್ತು. ಇನ್ನೊಂದು ಹೊಡಿಯಾಕ ಕೈ ಎತ್ತಿದಾವ ಹಂಗ ಕೆಳಗ ಕುಂತು, ಟವಲ್ ಬಾಯಿಗೆ ಒತ್ಕೊಂಡ. "ಬಿಡು ಯಪ್ಪಾ, ಇವ್ನ ಹಣೇಬಾರ ಮೊದಲಿಂದ ಹಿಂಗ" ಅಂತ ಅಕ್ಕ ಅವನ ಬೆನ್ನು ಸವರಿದ್ಲು. ಸವರಿಕೊಂತ ನನ್ನ ಕಡಿ ನೋಡಿದ್ಲು. 

ನಾವು ಹುಬ್ಬಳ್ಳಿಯಿಂದ ಬರೋದ್ರೊಳಗ ಸುದ್ದಿ ಕೊಟ್ಟೂರು ಮುಟ್ಟಿತ್ತು. ಹಡಗಲಿಗೂ, ಹಗರಿಬೊಮ್ಮನಹಳ್ಳಿ ಬೀಗರ ಮನಿಗೂ. ಅಪ್ಪ ನನ್ನ ಜೊತೀಗೆ ಮಾತು ಬಿಟ್ಟ. ಅವ್ವ ಅತ್ತು ಮುಗಿಸಿ, ಇವಂದರ ಉಳೀಲಿ ಅಂತ ದಿನಾ ಮುಂಜಾನಿ ಬಾರ್ಲಿ ನೀರು ಕುದಿಸಿ ಕೊಡಾಕ ಹತ್ತಿದ್ಲು. ದೊಡ್ಡ ಲೋಟ. ರುಚಿ ಹೆಂಗಂದ್ರ, ಗೋಡಿಗೆ ಹೊಡದ ಸುಣ್ಣ ನೆಕ್ಕಿದಂಗ. ನನ್ನ ಎರಡೂ ಕಿಡ್ನಿ ಕಲ್ಲಿನಂಗ ಗಟ್ಟಿ ಅದಾವ, ಇಡೀ ತಾಲೂಕಿನಾಗ ಇಷ್ಟು ಆರೈಕಿ ಕಂಡ ಕಿಡ್ನಿ ಬ್ಯಾರೆ ಇಲ್ಲ. ಯಾರಿಗೆ ಬೇಕಿದ್ವೋ ಅವ್ರಿಗೆ ಆಗ್ಲಿಲ್ಲ.

ಹೆಸರು ಬರಸಿದ್ವಿ. ಕಾದ್ವಿ. ಫೋನ್ ಬರ್ಲಿಲ್ಲ.

ಆ ಮ್ಯಾಲಿನ ಪಂಚಮಿಗೂ ಅಕ್ಕನ್ನ ಕರಕೊಂಡು ಬಂದೆ, ಎರಡು ಡಯಾಲಿಸಿಸ್ ನಡುವಿನ ಒಂದು ದಿನಕ್ಕ. ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ದೆ. ಗಿರಣಿ ಇದ್ದ ಕೈಲೆ ಹಗ್ಗ ಜಗ್ಗಿ ಹಿಡಿಯೋ ಹಂಗಿಲ್ಲ. ಅದಕ್ಕ ಆಕಿ ಬಲಗೈಲೆ ಒಂದು ಹಗ್ಗ ಹಿಡಕೊಂಡ್ಲು, ಎಡದ ಹಗ್ಗ ನಾ ಹಿಡದು ಜೋಕಾಲಿ ಜೊತೀಗೆ ಹಿಂದ ಮುಂದ ಓಡಿದೆ. ಮೂರು ಸಲ ಬಿದ್ದೆ. ನಾಕನೇ ಸಲ ಹುತ್ತಕ್ಕ ಹಾಲೆರಿಯಾಕ ಹೊಂಟಿದ್ದ ಅತ್ತಿಗಳ ನಡುವ ನುಗ್ಗಿ, ತಂಬಿಟ್ಟಿನ ತಾಟಿನಾಗ ಮುಖ ಇಟ್ಟೆ. ಅಕ್ಕ ನಗ್ತಾ "ಸಾಕಲೇ, ನಕ್ಕ್ರ ಬಾಯಾರಿಕಿ ಆಗ್ತೈತಿ, ನೀರು ಕುಡಿಯೋ ಹಂಗಿಲ್ಲ ನಾ" ಅಂದ್ಲು.

ಬ್ಯಾಸಿಗ್ಯಾಗ ಒಂದು ಮುಂಜಾನಿ ಭಾವ ಫೋನ್ ಮಾಡಿದ. ಅಕ್ಕನ ಹೃದಯ ನಿಂತಿತ್ತಂತ. ನಾ ಹಡಗಲಿಗೆ ಹೋದಾಗ ಅಕ್ಕನ್ನ ಪಡಸಾಲ್ಯಾಗ, ನಮ್ಮಲ್ಲಿ ಸತ್ತವ್ರನ್ನ ಕುಂದ್ರಿಸೋ ಪದ್ಧತಿಯಂಗ, ಕುಂದ್ರಿಸಿದ್ರು. ಮಂದಿ ನನ್ನ ಕಡಿ ಒಂಥರಾ ನೋಡಿ ದಾರಿ ಬಿಟ್ರು. ನಾ ಹೋಗಿ ಆಕಿ ಎಡಗೈಗೆ ಕಿವಿ ಇಟ್ಟೆ. ನಾ ಲ್ಯಾಬಿನವ, ನನಗ ಗೊತ್ತಿಲ್ಲೇನು? ಆದ್ರೂ ಇಟ್ಟೆ. ಭಾಳ ಹೊತ್ತು ಇಟ್ಟೆ. ಗಿರಣಿ ನಿಂತಿತ್ತು.

ಇದನ್ನೆಲ್ಲಾ ಬರಿಯಾಕ ನನಗ ಧೈರ್ಯ ಯಾಕ ಬಂತಂದ್ರ, ನಮ್ಮಪ್ಪ ಶೇಂಗಾ ಧಾರಣಿ ಬಿಟ್ಟು ಬ್ಯಾರೆ ಏನೂ ಓದಂಗಿಲ್ಲ. ಇದನ್ನ ಓದಿದವ್ರು ಯಾರರ ಕೊಟ್ಟೂರಿಗೆ ಬಂದ್ರ, ದಯಮಾಡಿ ನನ್ನ ಗುಟ್ಕಾ ಕಥೀನ ಹೇಳ್ರಿ.

ಮಣ್ಣು ಮಾಡಿ ಬಂದ ಮ್ಯಾಲ, ಕೊಟ್ಟೂರು ಮನಿಗೆ ಮಾತಾಡ್ಸಾಕ ಮಂದಿ ಬರ್ತಿದ್ರು. ಕೂಡ್ಲಿಗಿಯಿಂದ ಚಿಗವ್ವ ಬಂದು, ಅವ್ವನ್ನ ತಬ್ಕೊಂಡು ಅತ್ತು, ಕಣ್ಣು ಒರಸ್ಕೊಂತ ಅಂದ್ಲು, "ಅಷ್ಟು ದಿನ ತಡದ್ಲಲ್ಲ ಯವ್ವಾ, ತಮ್ಮನ ರಕ್ತ ಮೈಯಾಗ ಇದ್ದಿದ್ದಕ್ಕ ತಡದ್ಲು."

ಕಟ್ಟಿ ಮ್ಯಾಲ ಕುಂತಿದ್ದ ಅಪ್ಪ ತಲಿ ಎತ್ತಿದ. ಹುಬ್ಬಳ್ಳಿಯಿಂದ ಬಂದಾಗಿಂದ ನನ್ನ ಜೊತೀಗೆ ಮಾತಾಡಿರ್ಲಿಲ್ಲ ಅಂವ.

"ಖರೇ ಏನಲೇ?" ಅಂದ. "ನೀ ಓದಿದಾವ, ಹೇಳು. ಅದು ಸತ್ತು ಹೋಗ್ತೈತಿ ಅಂತಿದ್ದೆಲ್ಲ. ಇನ್ನಾ ಇತ್ತೇನು ಆಕಿ ಮೈಯಾಗ?"

"ಇತ್ತು ಯಪ್ಪಾ" ಅಂದೆ. "ನಾ ಸುಳ್ಳು ಹೇಳ್ತಿದ್ದೆ. ಅದು ಹೋಗಂಗಿಲ್ಲ. ಕಡೀತನಕ ಇತ್ತು. ಹುಬ್ಬಳ್ಳಿ ಡಾಕ್ಟ್ರೂ ನೋಡಿ ಹೇಳಿದ್ರು."

ಅಪ್ಪ ಟವಲ್ ತಗೊಂಡು ಮುಖ ಒರಸ್ಕೊಂಡ. "ನಾನ ಹಟ ಹಿಡದು ಹಾಕ್ಸಿದ್ದು" ಅಂದ, ಯಾರಿಗೋ ಸಾಕ್ಷಿ ಹೇಳೋರಂಗ.

"ಹೌದು ಯಪ್ಪಾ. ನೀನ ಹಾಕ್ಸಿದ್ದು."

ಅವ್ವ ಒಳಗಿಂದ ಬಾರ್ಲಿ ನೀರಿನ ಲೋಟ ತಂದು ನನ್ನ ಕೈಯಾಗ ಇಟ್ಲು. ಅಪ್ಪ ಕಟ್ಟಿ ಮ್ಯಾಲ ಸ್ವಲ್ಪ ಸರದು ನನಗ ಜಾಗ ಮಾಡಿ ಕೊಟ್ಟ. ನಾ ಅವನ ಪಕ್ಕ ಕುಂತು, ತಳದಾಗಿನ ಗಸಿ ಸಮೇತ ಕುಡದೆ.